ಬಾಸ್ ಮೀನಿನ ಹೊಂಚು, ಗಾಳಗಾರನ ಸಂಚು

ಬೀಕರಿನ ನೀರಿನಲ್ಲಿ ಗಿಡವಿಟ್ಟು, ಅದರ ಮೇಲೆ ಆಲಿಕೆ ಮುಚ್ಚಿ, ಪ್ರನಾಳ ಬೋರಲು ಹಾಕಿ, ಬಿಸಿಲಿನಲ್ಲಿ ಗುಳ್ಳೆ ಏಳುವುದನ್ನು ನೋಡುವ ಪ್ರಯೋಗ ಹೈಸ್ಕೂಲಿನ ಮಕ್ಕಳಿಗೆಲ್ಲ ಗೊತ್ತು. ಆ ಗಿಡ ಹೈಡ್ರಿಲ್ಲಾ. ಅಮೆರಿಕದ ಫ್ಲಾರಿಡಾ ರಾಜ್ಯದ ಕೆರೆಗಳಲ್ಲಿ ಇದೇ ಗಿಡ 'ಲಾರ್ಜ್‌ಮೌತ್ ಬಾಸ್' ಎಂಬ ದೊಡ್ಡ ಬಾಯಿಯ ಮೀನಿಗೆ ಅಡಗುದಾಣ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅದು ಅಲ್ಲಿಗೆ ಹೋಯಿತು. 1997ರಲ್ಲಿ ಪ್ರಕಟವಾದ ಡಿ.ಎನ್.ಎ. ಹೋಲಿಕೆಯಲ್ಲಿ ಅಲ್ಲಿನ ಒಂದು ಬಗೆಗೆ ಅತಿ ಹತ್ತಿರವೆಂದು ಕಂಡದ್ದು ಬೆಂಗಳೂರಿನ ಮಾದರಿ!

ಬಾಸ್ ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವುದು ಕಡಿಮೆ. ಗಿಡದ ಮರೆಯಲ್ಲಿ ಹೊಂಚು ಹಾಕಿ, ಬೇಟೆ ಹತ್ತಿರ ಬಂದೊಡನೆ ಬಾಯಿ ತೆರೆದು ನೀರಿನ ಸಮೇತ ಹೀರಿಕೊಳ್ಳುತ್ತದೆ. ಇದು ಶೀತರಕ್ತ ಪ್ರಾಣಿ. ನೀರು ಬಿಸಿಯಾದಷ್ಟೂ ಅದಕ್ಕೆ ಹೆಚ್ಚು ಆಮ್ಲಜನಕ ಬೇಕು. ಆದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಕರಗಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಆದ್ದರಿಂದ ಬೇಸಗೆಯ ನಡುಹಗಲಿನಲ್ಲಿ ಮೀನು ನೆರಳು ಹಿಡಿಯುತ್ತದೆ. ಗಾಳಗಾರರು ಮುಂಜಾನೆ, ಮುಸ್ಸಂಜೆ ಹೊರಡುತ್ತಾರೆ.

ಮುಂಜಾನೆಯಲ್ಲೂ ಒಂದು ತೊಡಕಿದೆ. ರಾತ್ರಿ ಬೆಳಕಿಲ್ಲ, ದ್ಯುತಿಸಂಶ್ಲೇಷಣೆಯಿಲ್ಲ. ಗಿಡದ ಉಸಿರಾಟ ಮಾತ್ರ ನಡೆದಿರುತ್ತದೆ. ಬೆಳಗಾಗುವ ಹೊತ್ತಿಗೆ ಒತ್ತಾದ ಹೈಡ್ರಿಲ್ಲಾದ ಒಳಗೆ ಆಮ್ಲಜನಕ ತೀರ ಇಳಿದಿರುತ್ತದೆ. ಆದ್ದರಿಂದ ಅನುಭವಸ್ಥರು ಗಿಡದ ನಡುವೆ ಅಲ್ಲ, ಅಂಚಿನಲ್ಲಿ ಗಾಳ ಬಿಡುತ್ತಾರೆ.

ಫ್ಲಾರಿಡಾದಲ್ಲಿ ಮೆಚ್ಚಿನ ಎರೆ ಜೀವಂತ 'ಗೋಲ್ಡನ್ ಶೈನರ್' ಮೀನು. ಅದರ ತುಟಿಗೆ ಕೊಕ್ಕೆ ಸಿಕ್ಕಿಸಿ, ಮೇಲೆ ಬೆಂಡು ಕಟ್ಟಿ ಬಿಡುತ್ತಾರೆ. ಬಾಸ್ ಹತ್ತಿರ ಬಂದರೆ ಶೈನರ್ ಗಾಬರಿಯಿಂದ ಒದ್ದಾಡುತ್ತದೆ, ಬೆಂಡು ನಡುಗುತ್ತದೆ. ಜೀವಂತ ಎರೆ ಬೇಡವೆನ್ನುವವರಿಗೆ ಮೃದು ಪ್ಲಾಸ್ಟಿಕ್‌ನ ಹುಳು ಇದೆ. ಓಹಾಯೋದ ಆಕ್ರನ್ ಊರಿನ ನಿಕ್ ಕ್ರೀಮ್ 1949ರಲ್ಲಿ ಇದನ್ನು ತಯಾರಿಸಿದ. ಗುಂಡಿನಾಕಾರದ ಭಾರವನ್ನು ಮುಂದೆ ಪೋಣಿಸಿ, ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೇ ಹುದುಗಿಸುವುದು 'ಟೆಕ್ಸಾಸ್' ಕ್ರಮ. ಮೊನೆ ಹೊರಗಿಲ್ಲದ್ದರಿಂದ ಗಿಡಕ್ಕೆ ತೊಡರುವುದಿಲ್ಲ. ತಳದಲ್ಲಿ ನಿಧಾನವಾಗಿ ಎಳೆಯಬೇಕು. ಮೀನು ಹಿಡಿದಾಗ ಜಗ್ಗಿದರೆ ಮೊನೆ ಹುಳುವನ್ನು ಸೀಳಿ ಹೊರಬರುತ್ತದೆ. ಎಷ್ಟು ಸರಳ ಉಪಾಯ! ಕದಡಿದ ನೀರಿನಲ್ಲಾದರೆ ತಿರುಗುವ ತಗಡಿನ ಎರೆ ವಾಸಿ. ಕಣ್ಣಿಗೆ ಕಾಣದಿದ್ದರೂ ಅದರ ಕಂಪನ ಮೀನಿನ ಪಾರ್ಶ್ವರೇಖೆಗೆ ಮುಟ್ಟುತ್ತದೆ.

ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡುವುದು ಅಲ್ಲಿ ಅನೇಕರ ಪದ್ಧತಿ. ಬಿಟ್ಟ ಮಾತ್ರಕ್ಕೆ ಅದು ಬದುಕೀತೆಂಬ ಭರವಸೆಯಿಲ್ಲ. ಸೆಣಸಾಡಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿರುತ್ತದೆ. ಚೇತರಿಸಿಕೊಳ್ಳಲು ಬೇಕಾದ ಆಮ್ಲಜನಕ ಬಿಸಿ ನೀರಿನಲ್ಲಿ ಕಡಿಮೆ. ಗಾಳಿಯಲ್ಲಂತೂ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆದ್ದರಿಂದ ಬೇಸಗೆಯಲ್ಲಿ ಬೇಗ ಎಳೆದು, ಒದ್ದೆ ಕೈಯಲ್ಲೇ ಹಿಡಿದು, ತಡಮಾಡದೆ ಬಿಡಬೇಕು. ಒಣಗಿದ ಕೈ ಅದರ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ಫೋಟೋಕ್ಕಾಗಿ ಮೀನನ್ನು ಎತ್ತಿ ಹಿಡಿದು ನಗುತ್ತ ನಿಲ್ಲುವವರಿಗೆ ಇದನ್ನು ಯಾರು ಹೇಳಬೇಕು?

ಹೈಡ್ರಿಲ್ಲಾದ ಬಗ್ಗೆ ಅಲ್ಲಿ ಜಗಳವೂ ಇದೆ. ದೋಣಿ ನಡೆಸುವವರಿಗೆ, ಕಾಲುವೆ ನೋಡಿಕೊಳ್ಳುವವರಿಗೆ ಅದು ಶತ್ರು; ಗಾಳಗಾರರಿಗೆ ಬೇಕಾದದ್ದು. ಕಳೆನಾಶಕ ಸಿಂಪಡಿಸುವವರೂ ಇಡೀ ಕೆರೆಗೆ ಒಮ್ಮೆಲೇ ಹೊಡೆಯಲು ಅಂಜುತ್ತಾರೆ. ಅಷ್ಟೂ ಗಿಡ ಒಟ್ಟಿಗೆ ಸತ್ತು ಕೊಳೆತರೆ ನೀರಿನ ಆಮ್ಲಜನಕ ಬರಿದಾಗಿ, ಬಾಸ್ ಸಹ ಹೊಟ್ಟೆ ಮೇಲೆ ಮಾಡಿ ತೇಲುತ್ತದೆ.