ಎರೆನೆಲದ ಹಳೆಯ ಒಕ್ಕಲು
ಬಳ್ಳಾರಿಯನ್ನು ಬರದ ನಾಡೆಂದು ಒಂದೇ ಮಾತಿನಲ್ಲಿ ಮುಗಿಸುವವರನ್ನು ಕಂಡರೆ ನನಗೆ ಬೇಸರ. ರೂಪನಗುಡಿ ಸುತ್ತಿನ ಎರೆಹೊಲ ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ, ನಿಜ. ಹಗರಿ ಹೊಳೆ ವರ್ಷದ ಬಹುಪಾಲು ಬರೀ ಮರಳು, ಗಾಳಿ ಎದ್ದರೆ ಅದು ದಡದ ಹೊಲಗಳಿಗೂ ನುಗ್ಗುತ್ತದೆ. 1876–78ರ ಧಾತು ಬರ ಈ ಜಿಲ್ಲೆಯ ಹಳ್ಳಿಹಳ್ಳಿಯನ್ನೂ ಹಿಂಡಿತು. ಆದರೆ ಇದೇ ಒಣನೆಲದ ಸಂಗನಕಲ್ಲಿನಲ್ಲಿ ಸುಮಾರು 4,000 ವರ್ಷಗಳ ಹಿಂದೆಯೇ ಜನ ಗುಡ್ಡದ ಮೇಲೆ ನೆಲೆ ನಿಂತು, ಕರಿಗಲ್ಲನ್ನು ಕೆತ್ತಿ, ತಾಳ್ಮೆಯಿಂದ ಉಜ್ಜಿ ಉಜ್ಜಿ ಕೊಡಲಿ ಮಾಡಿ, ಹುರುಳಿ ಬೆಳೆದು ದನ ಸಾಕಿದ್ದರು! ಕುಡತಿನಿಯ ಬೂದಿದಿಬ್ಬವೂ ಆ ಕಾಲದ ದನಗಾಹಿಗಳು ಸುಟ್ಟ ಸಗಣಿಯದೇ. ಅಂಥ ಕೊಡಲಿಗಳು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯದಲ್ಲಿವೆ. ಶಾಲೆಯ ಮಕ್ಕಳನ್ನು ಹಂಪಿಗೆ ಕರೆದೊಯ್ಯುವ ಮೇಷ್ಟ್ರುಗಳೇ, ದಯವಿಟ್ಟು ಮೊದಲು ಇಲ್ಲಿಗೆ ಕರೆತನ್ನಿ.