ಹಿತ್ತಲಿಗೆ ಯಾವ ಕೋಳಿ ಒಳ್ಳೆಯದು?



“ನಮ್ಮ ಮನೆ ಪೀಣ್ಯದ ಆಚೆಗಿದೆ. ಹಿಂದುಗಡೆ ಸ್ವಲ್ಪ ಜಾಗವಿದೆ. ನಾಲ್ಕು ಕೋಳಿ ಸಾಕಲು ಅಜ್ಜಿ ಒಪ್ಪಿದ್ದಾರೆ. ಕುಕ್ಕದ, ಜಗಳವಾಡದ ಕೋಳಿ ಯಾವುದು?” ಎಂದು ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಾಳೆ. ಎಷ್ಟು ಮೊಟ್ಟೆ, ಎಷ್ಟು ತೂಕ ಎಂದು ಎಲ್ಲರೂ ಕೇಳುತ್ತಾರೆ. ಗುಣ ಹೇಗೆ ಎಂದು ಕೇಳುವವರು ಕಡಿಮೆ. ಅದಕ್ಕೇ ಈ ಪ್ರಶ್ನೆ ನನಗೆ ಇಷ್ಟವಾಯಿತು.

ಮೊದಲು ಬೇಡದ ತಳಿಗಳನ್ನು ಹೇಳುತ್ತೇನೆ. ಅಸೀಲ್ ನಮ್ಮ ದೇಶದ ಹೆಮ್ಮೆಯ ತಳಿ. ಉದ್ದ ಕಾಲು, ನೆಟ್ಟಗಿನ ಕತ್ತು, ನೋಡಲು ಬಲು ಗಂಭೀರ. ಆದರೆ ಜನ ಅದನ್ನು ಬೆಳೆಸಿದ್ದೇ ಕಾಳಗಕ್ಕೆ. ಎರಡು ಅಸೀಲ್ ಹುಂಜ ಎದುರಾದರೆ ರಕ್ತ ಬರುವವರೆಗೂ ಬಿಡವು. ಕೋಳಿ ಕಾಳಗ ಮಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಹುಟ್ಟಿನಿಂದ ಬಂದ ಆ ಕೆಚ್ಚು ಮಾತ್ರ ಕಾಯ್ದೆಯಿಂದ ಹೋಗುವುದಿಲ್ಲ. ಬಿಳಿ ಲೆಗ್‌ಹಾರ್ನ್ ಮೊಟ್ಟೆಯಿಡುವುದರಲ್ಲಿ ಮುಂದು, ಆದರೆ ಪುಕ್ಕಲು. ಪ್ರೆಶರ್ ಕುಕ್ಕರ್ ಕೂಗಿದರೂ ಹಾರಿ ಬೀಳುತ್ತದೆ. ಅಂಗಡಿಗೆ ಬರುವ ಬಿಳಿ ಬ್ರಾಯ್ಲರ್ ಸಾಧುವೇ. ಆದರೆ ಆರೇಳು ವಾರದಲ್ಲಿ ಮೈ ಬೆಳೆದು ಕಾಲು ಸೋಲುತ್ತದೆ. ಅದನ್ನು ವರ್ಷಗಟ್ಟಲೆ ಸಾಕಲು ಹೊರಟರೆ ಕಣ್ಣೆದುರೇ ನರಳುತ್ತದೆ.

ಇನ್ನು ನಮ್ಮ ನಾಟಿ ಕೋಳಿ. ಜಾಣ, ಚುರುಕು, ತನ್ನ ಮೇವು ತಾನೇ ಹುಡುಕಿಕೊಳ್ಳುತ್ತದೆ. ಕಾವಿಗೆ ಕೂತು 21 ದಿನಕ್ಕೆ ಮರಿ ಮಾಡಿಸಲು ಇದಕ್ಕಿಂತ ಒಳ್ಳೆಯ ತಾಯಿ ಬೇರೆಯಿಲ್ಲ. ಆದರೆ ಅದು ಕಾಂಪೌಂಡ್ ಹಾರಿ ಪಕ್ಕದ ಮನೆಗೆ ಹೋಗುತ್ತದೆ. ಮರಿಗಳಿದ್ದಾಗ ಹತ್ತಿರ ಹೋದರೆ ಕುಕ್ಕದೆ ಬಿಡದು.

ಮೊದಲ ಸಲ ಸಾಕುವವರಿಗೆ ನಾನು ಹೇಳುವುದು ಗಿರಿರಾಜ ಅಥವಾ ಸ್ವರ್ಣಧಾರ. ಎರಡೂ ಬೆಂಗಳೂರಿನವೇ! ಹೆಬ್ಬಾಳದ ವಿಜ್ಞಾನಿಗಳು ಹಳ್ಳಿಯ ಹಿತ್ತಲಿಗೆಂದೇ 1980ರ ದಶಕದಲ್ಲಿ ಗಿರಿರಾಜನನ್ನು ರೂಪಿಸಿದರು. ಸ್ವರ್ಣಧಾರ ಬಂದದ್ದು 2005ರಲ್ಲಿ. ಗಿರಿರಾಜ ಬಣ್ಣಬಣ್ಣದ, ದಪ್ಪ ಮೈಯ, ನಿಧಾನದ ಹಕ್ಕಿ. ಗೋಡೆ ಹಾರುವುದು ಅಪರೂಪ. ಆದರೆ ನಾಯಿ ಬಂದರೆ ತಪ್ಪಿಸಿಕೊಳ್ಳಲೂ ಕಷ್ಟ. ಸ್ವರ್ಣಧಾರದ ಮೈ ಸ್ವಲ್ಪ ಹಗುರ, ಮೊಟ್ಟೆಯೂ ಹೆಚ್ಚು: ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ ಸುಮಾರು 180. ಇವಕ್ಕೆ ಕಾವಿಗೆ ಕೂರುವ ಗುಣ ಕಡಿಮೆ. ಮರಿ ಬೇಕೆಂದರೆ ಮತ್ತೆ ತರಬೇಕು. ಪೀಣ್ಯದ ಕಡೆಯವರಿಗೆ ಹೆಸರಘಟ್ಟವೂ ದೂರವಲ್ಲ. ಅಲ್ಲಿನ ಕೇಂದ್ರ ಸರ್ಕಾರದ ಕುಕ್ಕುಟ ಸಂಸ್ಥೆಯ ಕಾವೇರಿ ತಳಿಯೂ ಹಿತ್ತಲಿಗೆಂದೇ ಬಂದದ್ದು. ಹೋಗುವ ಮುಂಚೆ ಮರಿ ಇದೆಯೇ ಎಂದು ವಿಚಾರಿಸಿಕೊಳ್ಳಿ.

ಈಗ ಕಷ್ಟದ ಮಾತು. ಹಿರಿಯರು ಮಕ್ಕಳ ಜೊತೆ ಕೂತು ಓದಿ. ಮರಿಗಳನ್ನು ಸಾಮಾನ್ಯವಾಗಿ ಗಂಡು ಹೆಣ್ಣು ಬೇರೆ ಮಾಡದೆ ಕೊಡುತ್ತಾರೆ. ನಾಲ್ಕು ತಂದರೆ ಎರಡು ಹುಂಜವಾಗಬಹುದು. ಮೊಟ್ಟೆಗೆ ಹುಂಜ ಬೇಕಿಲ್ಲ. ಮರಿಯಾಗಬೇಕಾದರೆ ಮಾತ್ರ ಬೇಕು. ಹುಂಜ ಬೆಳಗಿನ ಜಾವ ನಾಲ್ಕಕ್ಕೇ ಕೂಗುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪಕ್ಕದ ಮನೆಯವರು ಆಗಷ್ಟೇ ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾರೆ. ಆಮೇಲೆ ಹುಂಜ ಏನಾಗಬೇಕು? ಊರಿನ ನೆಂಟರ ತೋಟಕ್ಕೋ, ಮಾರುವುದೋ, ಸಾರಿಗೋ? ಯಾವುದಾದರೂ ಸರಿ, ಮರಿ ತರುವ ಮುಂಚೆಯೇ ಮಕ್ಕಳಿಗೆ ತಿಳಿಸಿ. ಹೆಸರಿಟ್ಟು, ಅಂಗೈಯಲ್ಲಿ ಕಾಳು ತಿನ್ನಿಸಿ ಬೆಳೆಸಿದ ಹಕ್ಕಿ ಒಂದು ಭಾನುವಾರ ಸದ್ದಿಲ್ಲದೆ ಕಾಣೆಯಾದರೆ ಮಗು ಮರೆಯುವುದಿಲ್ಲ. ಮನೆಯವರಿಗೆ ಕೊಡಲು ಮನಸ್ಸಿಲ್ಲದಿದ್ದರೆ, ಹೇಂಟೆ ಎಂದು ಗುರುತು ಸಿಗುವಷ್ಟು ಬೆಳೆದವನ್ನೇ ಎರಡೂವರೆ, ಮೂರು ತಿಂಗಳಿಗೆ ತನ್ನಿ. ದುಡ್ಡು ಹೆಚ್ಚಾದರೂ ನೋವು ಕಡಿಮೆ.

ಸಾಧು ತಳಿ ತಂದರೂ ಮೊದಮೊದಲು ಕುಕ್ಕಾಟ ಇದ್ದೇ ಇರುತ್ತದೆ. ನಾರ್ವೆಯ ತೋರ್ಲೀಫ್ ಶೆಲ್ಡೆರುಪ್-ಎಬ್ಬೆ ಎಂಬುವರು ಹುಡುಗನಾಗಿದ್ದಾಗಿನಿಂದಲೇ ಕೋಳಿಗಳನ್ನು ನೋಡುತ್ತಾ, ಯಾರು ಯಾರನ್ನು ಕುಕ್ಕುತ್ತಾರೆ ಎಂದು ಬರೆದಿಟ್ಟುಕೊಂಡರು. ಒಂದು ಕೋಳಿ ಎಲ್ಲರಿಗೂ ಯಜಮಾನಿ, ಅದರ ಕೆಳಗೆ ಇನ್ನೊಂದು, ಹೀಗೆ ಸಾಲು ಇರುತ್ತದೆ ಎಂದು ಅವರು 1920ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಸಾಲು ಗೊತ್ತಾದ ಮೇಲೆ ಜಗಳ ತಗ್ಗುತ್ತದೆ. ಅದಕ್ಕೇ ಒಂದೇ ವಯಸ್ಸಿನವನ್ನು ಒಟ್ಟಿಗೆ ತನ್ನಿ. ಒಂಟಿ ಹೊಸ ಕೋಳಿಯನ್ನು ಹಳೆಯ ಗುಂಪಿಗೆ ಬಿಟ್ಟರೆ ಅದರ ಪಾಡು ಕಷ್ಟ. ಕಾಳಿನ ತಟ್ಟೆ ಎರಡು ಕಡೆ ಇಡಿ. ಜಾಗ ಕಿರಿದಾದಷ್ಟೂ ಕುಕ್ಕಾಟ ಜಾಸ್ತಿ.

ಪಳಗಿಸುವ ಉಪಾಯ ಸುಲಭ. ಹದ್ದು ಮೇಲಿನಿಂದ ಎರಗುತ್ತದೆಯಲ್ಲ, ಅದಕ್ಕೇ ಮೇಲಿನಿಂದ ಬರುವ ಕೈ ಕಂಡರೆ ಕೋಳಿಗೆ ಭಯ. ಅಟ್ಟಿಸಿಕೊಂಡು ಹೋಗಬೇಡಿ. ನೆಲದ ಮೇಲೆ ಕೂತು, ಅಂಗೈಯಲ್ಲಿ ರಾಗಿ ಹಿಡಿದು, ಸುಮ್ಮನಿರಿ. ದಿನಾ ಹತ್ತು ನಿಮಿಷ ಸಾಕು. ಅಜ್ಜ ಅಜ್ಜಿಯರಿಗೆ ಈ ಕೆಲಸ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಅವರಿಗೆ ಅವಸರವಿಲ್ಲ.

ರಾತ್ರಿ ಗೂಡಿನ ಬಾಗಿಲು ಭದ್ರವಾಗಿರಲಿ. ಮುಂಗುಸಿ, ಬೆಕ್ಕು, ಬೀದಿನಾಯಿ ನಮ್ಮ ಬಡಾವಣೆಗಳಲ್ಲೂ ಇವೆ. ರಾಣಿಖೇತ್ ರೋಗದ ಲಸಿಕೆಯನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ. ಕೋಳಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಕೋಳಿ ತಾನಾಗಿ ಸತ್ತರೆ ಮಕ್ಕಳು ಮುಟ್ಟದೆ ದೊಡ್ಡವರನ್ನು ಕರೆಯಲಿ. ಇನ್ನೊಂದು: ಕೋಳಿ ತರುವ ಮುಂಚೆ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ. ಮೊದಲ ವಾರದ ಮೊಟ್ಟೆಯಲ್ಲಿ ಎರಡು ಅವರಿಗೂ ಹೋಗಲಿ.