ಹಡೆದದ್ದಕ್ಕೆ ಈ ದಂಡವೇ?

‘ಹಡೆದಾಕಿಗೆ ಇದು ಇದ್ದದ್ದ’ ಎಂಬ ನಮ್ಮ ಕಡೆಯ ಮಾತನ್ನು ನಾನು ಒಪ್ಪಲಾರೆ. ಕೆಮ್ಮಿದರೆ, ನಕ್ಕರೆ, ಕೊಡ ಎತ್ತಿದರೆ ಸೀರೆ ಒದ್ದೆಯಾಗುವ ಹೆಂಗಸು ಮುಂಡರಗಿಯ ಬಸ್ಸು ಹತ್ತುವ ದಿನ ಬೆಳಗಿನಿಂದ ನೀರು ಮುಟ್ಟುವುದಿಲ್ಲ. ಬೆಟಗೇರಿಯ ಮಗ್ಗದ ಮನೆಯಾಗಲಿ, ಶಿರಹಟ್ಟಿ-ಲಕ್ಷ್ಮೇಶ್ವರದ ಹೊಲವಾಗಲಿ, ಪಾಡು ಒಂದೇ. ನೀರು ಬಿಟ್ಟಷ್ಟೂ ಮೂತ್ರ ಗಾಢವಾಗಿ ಮೂತ್ರಕೋಶ ಇನ್ನಷ್ಟು ಕೆರಳುತ್ತದೆ. ಅವಳು ಮದುವೆಮನೆ ಬಿಡುತ್ತಾಳೆ, ಗುಡಿಗೆ ಹೋಗಲು ಅಂಜುತ್ತಾಳೆ. ವೈದ್ಯರ ಮುಂದೆ ಮಾತ್ರ ಬಾಯಿ ಬಿಡಳು.

ಇದು ಪಾಪವೂ ಅಲ್ಲ, ಬರಿಯ ಮುಪ್ಪೂ ಅಲ್ಲ. ಮೂತ್ರಕೋಶವನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳು ಹೆರಿಗೆಯಲ್ಲಿ ಸಡಿಲಾಗುವುದೇ ಇಂಥ ಸೋರಿಕೆಗೆ ಬಹುಮಟ್ಟಿಗೆ ಕಾರಣ. ಅಮೆರಿಕೆಯ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ದಾರಿ ತೋರಿಸಿದರು: ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯುಗಳನ್ನೇ ಬಿಗಿಹಿಡಿದು ಸಡಿಲಿಸುವುದು. ದಿನಕ್ಕೆ 3 ಹೊತ್ತು, ಹೊತ್ತಿಗೆ 8 ಸಲವಾದರೂ, ಕನಿಷ್ಠ 3 ತಿಂಗಳು. ರೊಟ್ಟಿ ಬಡಿಯುತ್ತಲೂ ಮಾಡಬಹುದು, ದಮ್ಮಡಿ ಖರ್ಚಿಲ್ಲ. ಸಾಲದಿದ್ದರೆ ಶಸ್ತ್ರಚಿಕಿತ್ಸೆಯಿದೆ. ತಡೆಯಲಾರದ ಅವಸರಕ್ಕೆ ಬೇರೆ ಅಭ್ಯಾಸ, ಬೇರೆ ಔಷಧ. ಹೆರಿಗೆ ದಿನಗಟ್ಟಲೆ ತಡೆದವಳಲ್ಲಿ ಹಗಲಿರುಳು ಸೋರಿದರೆ ಮಾತ್ರ ಅದು ಒಳಗೆ ತೂತು ಬಿದ್ದ ಲಕ್ಷಣ, ತಡಮಾಡಬಾರದು.

ಗದಗಿನಲ್ಲೇ 2015ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. ದೂರದ ಮಾತೇನಲ್ಲ. ಆದರೆ ಹೋಗಬಹುದೆಂದು ಹೇಳುವವರು ಯಾರು? ಹೆಣ್ಣಿನ ಕಣ್ಣೀರಿಗೆ ಪುಟಗಟ್ಟಲೆ ಕೊಟ್ಟ ನಾವು ಬರಹಗಾರರು ಈ ಒದ್ದೆಯ ಮುಂದೆ ಮೂಗು ಮುಚ್ಚಿಕೊಂಡಿದ್ದೇವೆ. ಬಾಣಂತಿಗೆ ಅಂಟಿನುಂಡಿ ಕಟ್ಟುವ, ಎಣ್ಣೆ ತಿಕ್ಕುವ, ನೂರು ಪಥ್ಯ ಹೇಳುವ ತಾಯಂದಿರೂ ಇದೊಂದನ್ನು ಹೇಳಿಕೊಡುವುದಿಲ್ಲ. ಅವರಿಗೂ ಯಾರೂ ಹೇಳಿರಲಿಲ್ಲ.